ಒಂದು ಕರಣಿ ಗಚ್ಚು

ನಾನು ಒಂದು ಫರಸಿ. ಶಹಾಬಾದ್ ಕಲ್ಲು ಎಂದರೆ ನಿಮಗೆ ಬೇಗ ಗುರುತು ಸಿಗಬಹುದು. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಬೆರಳು ದಪ್ಪ. ಹಳೆಯ ರೈಲ್ವೆ ಸ್ಟೇಷನ್ನಿನಲ್ಲೋ, ತಾಲ್ಲೂಕು ಕಚೇರಿಯ ಪಡಸಾಲೆಯಲ್ಲೋ, ಯಾವುದೋ ನೆಂಟರ ಮನೆಯ ನಡುಮನೆಯಲ್ಲೋ ನೀವು ನಮ್ಮನ್ನು ತುಳಿದೇ ಇರುತ್ತೀರಿ. ತುಳಿದದ್ದು ನಿಮಗೆ ನೆನಪಿಲ್ಲ, ನಮಗಿದೆ.

ಕಲ್ಲಿಗೆ ಕಣ್ಣಿಲ್ಲ. ಆದ್ದರಿಂದ ನಾನು ಹೇಳುವ ಕಥೆಯಲ್ಲಿ ಯಾರ ಮುಖವೂ ಬರುವುದಿಲ್ಲ. ನನಗೆ ಗೊತ್ತಿರುವುದು ಪಾದ, ಭಾರ, ಬಿಸಿ, ತಂಪು, ಮತ್ತು ನನ್ನ ಮೇಲೆ ನಿಂತು ಜನ ಆಡಿದ ಮಾತು. ಮುಖ ನೋಡಿದವರಿಗಿಂತ ನಾನು ಜನರನ್ನು ಚೆನ್ನಾಗಿ ಬಲ್ಲೆ ಎಂಬ ಸಣ್ಣ ಜಂಬ ನನಗಿದೆ. ಮುಖ ನಗಬಹುದು, ಹಿಮ್ಮಡಿಗೆ ನಟನೆ ಬರುವುದಿಲ್ಲ.

ನಾನು ಹೊರಬಂದದ್ದು ಊರಿನ ಪಡುವಣಕ್ಕಿರುವ ಹಳೇ ಕಲ್ಲಿನ ಖಣಿಯಿಂದ. ಅಲ್ಲಿ ನಾವು ಒಬ್ಬರ ಮೇಲೊಬ್ಬರು, ಬುಟ್ಟಿಯಲ್ಲಿ ಪೇರಿಸಿದ ರೊಟ್ಟಿಗಳ ಹಾಗೆ ಮಲಗಿದ್ದೆವು. ಎಷ್ಟು ಕಾಲದಿಂದ ಎಂದು ಕೇಳಬೇಡಿ, ನಮ್ಮಲ್ಲಿ ಎಣಿಸುವ ಪದ್ಧತಿಯಿಲ್ಲ. ಒಂದು ದಿನ ಮೇಲಿನ ಪದರು ಹೋಯಿತು, ಬಿಸಿಲು ಬಿತ್ತು. ಛಾಣ ಇಟ್ಟು ಸುತ್ತಿಗೆಯಿಂದ ಹೊಡೆದು, ಸಂದಿಗೆ ಹಾರೆ ತೂರಿಸಿ, ಇಬ್ಬರು ನನ್ನನ್ನು ಎಬ್ಬಿಸಿದರು. ನಾನು ಎದ್ದ ಜಾಗದಲ್ಲಿ ನನ್ನಷ್ಟೇ ಅಳತೆಯ ಒಂದು ಮೆಟ್ಟಿಲು ಉಳಿಯಿತು. ಮುಂದೆ ಖಣಿ ಆಳಕ್ಕಿಳಿದು, ನೀರಿನ ಊಟೆ ಒಡೆದು, ಕೆಲಸ ನಿಂತು, ಅಲ್ಲೆಲ್ಲ ನೀರು ತುಂಬಿತು. ನನ್ನ ಮೆಟ್ಟಿಲು ನೀರಿನಡಿ ಹೋಯಿತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನನ್ನನ್ನು ಕೊಂಡವನು ಅಂಬಾರಾಯ. ನೆಲಕ್ಕೆ ಫರಸಿ ಕೂಡಿಸುವ ಗೌಂಡಿ. ಊರಿನ ಅರ್ಧ ಮನೆಗಳ ನೆಲ ಅವನ ಕೈಯದು. ಅವನ ಕೆಲಸ ಕೇಳುವಂಥದ್ದು, ನಿಜವಾಗಿಯೂ ಕಿವಿಯಿಂದ ಕೇಳುವಂಥದ್ದು. ಗಚ್ಚು ಹಾಸುತ್ತಿದ್ದ, ಫರಸಿ ಇಡುತ್ತಿದ್ದ, ಕರಣಿಯ ಕಟ್ಟಿಗೆಯ ಹಿಡಿಯಿಂದ ನಾಲ್ಕು ಮೂಲೆಗೂ ಬಡಿದು ಕಿವಿಗೊಡುತ್ತಿದ್ದ. ಕೆಳಗೆ ಗಚ್ಚು ತುಂಬಿದ್ದರೆ ಸಪ್ಪಳ ಅಲ್ಲೇ ನಿಲ್ಲುತ್ತದೆ. ಪೊಳ್ಳಿದ್ದರೆ ‘ಡಬ್’ ಎನ್ನುತ್ತದೆ. ಡಬ್ ಎಂದ ಫರಸಿಯನ್ನು ಹಾಗೇ ಬಿಟ್ಟು ಎದ್ದ ಗೌಂಡಿಯನ್ನು ನಮ್ಮ ಕಡೆ ಯಾರೂ ಮತ್ತೆ ಕೆಲಸಕ್ಕೆ ಕರೆಯುವುದಿಲ್ಲ.

ಅವನು ತನ್ನದೇ ಮನೆಯ ನೆಲ ಹಾಕುತ್ತಿದ್ದ. ಕೊನೆಯ ಫರಸಿ ನಾನು. ಹೊಸ್ತಿಲು ದಾಟಿದ ಕೂಡಲೇ ಕಾಲು ಬೀಳುವ ಜಾಗ. ಮೂರು ಮೂಲೆಗೆ ಗಚ್ಚು ಹಾಕಿ, ನಾಲ್ಕನೆಯದಕ್ಕೆ ಕರಣಿ ತುಂಬಿಕೊಳ್ಳುವಾಗ ಹೊರಗೆ ಸೈಕಲ್ ನಿಂತಿತು.

“ಗೌಂಡಿ, ನಿನ್ನ ಹೆಂಡ್ತಿ ಹಡದಾಳ. ಹೆಣ್ಣ ಕೂಸು. ಇಬ್ಬರೂ ಆರಾಮ ಅದಾರ.”

ಅಂಬಾರಾಯ ನನ್ನನ್ನು ಹಾಗೇ ಇಟ್ಟುಬಿಟ್ಟ. ಕೈ ಕೂಡ ತೊಳೆಯದೆ, ಹೆಂಡತಿಯ ತವರಿಗೆ ಹೋಗುವ ಪ್ಯಾಸೆಂಜರ್ ಹಿಡಿಯಲು ಸ್ಟೇಷನ್ನಿಗೆ ಓಡಿದ. ಐದು ದಿನ ಬಿಟ್ಟು ಬಂದು ಬಡಿದು ನೋಡಿದಾಗ ಗಚ್ಚು ಕಲ್ಲಾಗಿತ್ತು. ನಾಲ್ಕನೆಯ ಮೂಲೆ ಡಬ್ ಎಂದಿತು. ಅವನು ನಾಚಿಕೆಯಿಂದ ಅತ್ತಿತ್ತ ನೋಡಿಕೊಂಡ. ಅವನ ಪಾದ ಅತ್ತಿತ್ತ ತಿರುಗಿದ್ದು ನನಗೆ ತಿಳಿಯಿತು.

ಮೂರು ತಿಂಗಳಿಗೆ ಹೆಂಡತಿ ಚಂದಮ್ಮ ಕೂಸನ್ನು ಎತ್ತಿಕೊಂಡು ಬಂದಳು. ಹೊಸ್ತಿಲು ದಾಟಿ ನನ್ನ ಮೇಲೆ ಕಾಲಿಟ್ಟಳು. ಡಬ್.

“ಏನ್ರಿ ಇದು?”

“ಪೊಳ್ಳ ಉಳದದ. ನಾಳಿಗಿ ಕಿತ್ತಿ ಮತ್ತ ಕೂಡಸ್ತೀನಿ.”

“ನಿಮ್ಮ ಕೈಯಾಗ ಪೊಳ್ಳ ಯಾಕ ಉಳೀತು?”

“ಕೂಸಿನ ಸುದ್ದಿ ಬಂತು. ಹಾಂಗೇ ಬಿಟ್ಟು ಓಡಿಬಂದೆ.”

ಚಂದಮ್ಮ ಬೇಕೆಂದೇ ಇನ್ನೊಮ್ಮೆ ನನ್ನ ಮೇಲೆ ಕಾಲು ಊರಿದಳು. “ಹಾಂಗಿದ್ರ ಕೀಳಬ್ಯಾಡ್ರಿ. ನಮ್ಮ ಕೂಸಿನ ಸಪ್ಪಳ ಅದು, ಇರ್ಲಿ,” ಎಂದಳು.

ಹೀಗೆ ಊರಿಗೆಲ್ಲ ಗಟ್ಟಿ ನೆಲ ಹಾಕಿದವನ ಮನೆಯಲ್ಲಿ ನಾನೊಬ್ಬ ಪೊಳ್ಳು ಉಳಿದೆ. ನೆರೆಯವರು ಬಂದಾಗಲೆಲ್ಲ ಚೇಷ್ಟೆ ಮಾಡುತ್ತಿದ್ದರು. ಅಂಬಾರಾಯ ನಗುತ್ತಿದ್ದ.

ಕೂಸಿನ ಹೆಸರು ನೀಲಮ್ಮ. ಮನೆಯಲ್ಲಿ ನೀಲಿ. ಅವಳ ಮೊದಲ ಹೆಜ್ಜೆ ನನ್ನ ಮೇಲೆಯೇ ಬಿತ್ತು. ಅಷ್ಟು ಹಗುರ ಭಾರಕ್ಕೆ ನಾನು ಡಬ್ ಎನ್ನಬೇಕಾಗಿರಲಿಲ್ಲ, ಆದರೂ ಎಂದೆ. ಅವಳು ಕೇಕೆ ಹಾಕಿದಳು. ಸಾಲಿಗೆ ಹೋಗುವಂತಾದ ಮೇಲೆ ಒಂದು ರೂಢಿಯಾಯಿತು. ನಮ್ಮ ಬಾಗಿಲು ಪಡುವಣ ಮುಖದ್ದು, ಮಧ್ಯಾಹ್ನದ ಬಿಸಿಲು ನೆಟ್ಟಗೆ ಒಳಗೆ ನುಗ್ಗುವಂಥದ್ದು; ಹಾಗಾಗಿ ಊಟವಾದ ಮೇಲೆ ಮುಚ್ಚಿಯೇ ಇರುತ್ತಿತ್ತು. ನಾಲ್ಕೂವರೆಗೆ ನೀಲಿ ಬಂದು ಬಾಗಿಲು ದೂಡಿ, ಹೊಸ್ತಿಲ ಆಚೆಯಿಂದ ಎರಡೂ ಕಾಲು ಜೋಡಿಸಿ ನನ್ನ ಮೇಲೆ ಜಿಗಿಯುತ್ತಿದ್ದಳು. ಡಬ್. ಒಳಗಿನಿಂದ ಚಂದಮ್ಮ “ಬಂದ್ಯಾ?” ಎನ್ನುತ್ತಿದ್ದಳು. ಹೆಂಚಿನ ಮೇಲೆ ರೊಟ್ಟಿ ಬೀಳುತ್ತಿತ್ತು. ‘ಬಂದ್ಯಾ?’ ಎನ್ನುವವರೆಗೆ ಹುಡುಗಿ ನನ್ನ ಮೇಲಿಂದ ಇಳಿಯುತ್ತಿರಲಿಲ್ಲ. ಚಂದಮ್ಮ ಬೇರೆ ಗುಂಗಿನಲ್ಲಿದ್ದು ಸುಮ್ಮನಿದ್ದರೆ ಮತ್ತೆ ಜಿಗಿಯುವಳು, ಕೇಳುವವರೆಗೂ ಜಿಗಿಯುವಳು.

ನೀಲಿಗೆ ಐದು ವರ್ಷವಾದಾಗ ತಂಗಿ ಹುಟ್ಟಿದಳು, ಜಗದೇವಿ. ಅವಳದು ಮೆತ್ತಗಿನ ನಡಿಗೆ. ನನ್ನನ್ನು ಬಳಸಿಕೊಂಡು ಹೋಗುತ್ತಿದ್ದಳು. ಅದು ಅಕ್ಕನ ಜಾಗ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೀಲಿಗೆ ಹನ್ನೊಂದು ತುಂಬಿದ ಏಪ್ರಿಲ್‌ನಲ್ಲಿ ನಾಲ್ಕು ದಿನ ನಳಕ್ಕೆ ನೀರು ಬರಲಿಲ್ಲ. ಸಾಲಿಗೆ ಸೂಟಿ. ಓಣಿಯ ಹೆಂಗಸರು ಬಟ್ಟೆ ಒಗೆಯಲು ಹಳೇ ಖಣಿಗೆ ಹೋಗುತ್ತಿದ್ದರು. ಚಂದಮ್ಮ ಬಕೆಟ್ಟಿಗೆ ಬಟ್ಟೆ ತುಂಬಿ ನೀಲಿಯ ಕೈಗೆ ಕೊಟ್ಟಳು. ನನ್ನ ಮೇಲೆಯೇ ನಿಂತು ಕೊಟ್ಟಳು.

“ನೀರಿಗಿ ಇಳೀಬ್ಯಾಡ. ದಂಡಿ ಮ್ಯಾಲ ಕುಂತು ಒಗಿ. ನಾಕೂವರಿ ಅನ್ನೂದ್ರಾಗ ಬಾ.”

“ಬರ್ತೀನಿ,” ಎಂದಳು ನೀಲಿ.

ಹೊತ್ತು ಮೀರಿ ಹುಡುಕಿಕೊಂಡು ಹೋದಾಗ ಒಗೆದ ಬಟ್ಟೆಗಳೆಲ್ಲ ಬಂಡೆಯ ಮೇಲೆ ಒಣಗಿದ್ದವಂತೆ. ಪಕ್ಕದಲ್ಲಿ ಬಕೆಟ್ಟು, ಸೋಪು, ಒಂದು ಜೊತೆ ಚಪ್ಪಲಿ. ಜತೆಗಿದ್ದವರು ಮೊದಲೇ ಎದ್ದು ಹೋಗಿದ್ದರಂತೆ. ಮೂರು ದಿನ ಈಜುಗಾರರು ಹುಡುಕಿದರು. ಖಣಿಯೊಳಗೆ ನೀರಿನಡಿ ಕಲ್ಲಿನ ಮೆಟ್ಟಿಲು, ಸಂದಿ, ಪೊಟರೆ, ಎಲ್ಲೆಲ್ಲಿ ಅಂತ ಕೈ ಹಾಕುತ್ತಾರೆ? ಸಿಗಲಿಲ್ಲ.

ನನಗೆ ಗೊತ್ತಾಯಿತು. ನಮ್ಮ ಊರಿನ ಕೆಳಗೆ ಇರುವುದೂ ನಾವೇ. ಖಣಿಯ ಪದರು ಓಣಿಯ ಅಡಿ ಹಾದು ಮನೆಗಳ ಪಾಯದವರೆಗೆ ಬಂದಿದೆ. ಕಲ್ಲಿನಿಂದ ಕಲ್ಲಿಗೆ ಸುದ್ದಿ ನಿಧಾನ ಬರುತ್ತದೆ, ಆದರೆ ಬರುತ್ತದೆ. ನಾನು ಎದ್ದು ಬಂದ ಮೆಟ್ಟಿಲ ಮೇಲೆ, ಎರಡು ಅಡಿ ಉದ್ದ ಎರಡು ಅಡಿ ಅಗಲದ ಆ ಜಾಗದಲ್ಲಿ, ಅವಳು ಮುದುರಿಕೊಂಡು ಮಲಗಿದ್ದಳು. ನಾನು ಅವಳ ಮನೆಯಲ್ಲಿ, ಅವಳು ನನ್ನ ಮನೆಯಲ್ಲಿ. ಇದನ್ನು ಯಾರಿಗೆ ಹೇಳಲಿ?

ಹನ್ನೊಂದನೆಯ ದಿನ ಹತ್ತಿರ ಬಂದಾಗ ಹಿರಿಯರು ದಿನ ಮಾಡುವ ಮಾತೆತ್ತಿದರು. “ಇದ್ದವರ ದಿನ ಮಾಡ್ತಾರೇನು?” ಎಂದು ಚಂದಮ್ಮ ಕೇಳಿದಳು. ಅವತ್ತಿನಿಂದ ಅವಳು ಬಾಗಿಲು ಮುಚ್ಚುವುದನ್ನು ಬಿಟ್ಟಳು. ಹುಡುಗಿ ಬಂದಾಗ ದೂಡಬೇಕಾಗಬಾರದು ಎಂದು ಎರಡೂ ಕದ ಗೋಡೆಗೆ ಒರಗಿಸಿ, ಕಲ್ಲು ಇಟ್ಟಳು.

ಬಾಗಿಲು ತೆರೆದದ್ದರಿಂದ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಮಧ್ಯಾಹ್ನದ ಬಿಸಿಲು ನನ್ನ ಮೇಲೆ ಬಿತ್ತು. ಬೇಸಿಗೆಯ ಬಿಸಿಲು. ನಾನು ಕಾದೆ. ಕಾದ ಫರಸಿ ಕೂದಲೆಳೆಯಷ್ಟು ಉಬ್ಬುತ್ತದೆ. ಗಚ್ಚು ತುಂಬಿದ್ದರೆ ಹಲ್ಲು ಕಚ್ಚಿ ಸಹಿಸಿಕೊಳ್ಳಬಹುದು. ನನ್ನ ನಾಲ್ಕನೆಯ ಮೂಲೆಗೆ ಆಧಾರವಿರಲಿಲ್ಲ. ಅದು ಮೆಲ್ಲಗೆ ಎದ್ದು, ಪಕ್ಕದ ಫರಸಿಯ ಅಂಚಿಗೆ ಸಿಕ್ಕಿಕೊಂಡು, ಆಮೇಲೆ ಬಿಡಿಸಿಕೊಂಡು ಬಿತ್ತು.

ಡಬ್.

ನಾಲ್ಕೂವರೆ. ಒಳಗಿನಿಂದ ಚಂದಮ್ಮ “ಬಂದ್ಯಾ?” ಎಂದಳು. ಹೆಂಚಿನ ಮೇಲೆ ರೊಟ್ಟಿ ಬಿದ್ದ ಸಪ್ಪಳ ಕೇಳಿಸಿತು.

ನಾನು ಮಾಡಿದ್ದು ನನಗೆ ಗೊತ್ತು. ಬೇಕೆಂದು ಮಾಡಲಿಲ್ಲ, ಬೇಡವೆಂದರೂ ನಿಲ್ಲಿಸಲು ಬರುತ್ತಿರಲಿಲ್ಲ. ಪ್ರತಿದಿನ ಬಿಸಿಲು ಬಂತು, ಪ್ರತಿದಿನ ನಾನು ಡಬ್ ಎಂದೆ, ಪ್ರತಿದಿನ ಅವಳು ಕೇಳಿದಳು. ಬಿಸಿಲು ತುಸು ಮುಂಚೆ ಕಾಯಿಸಿದರೆ “ಇವತ್ತ ಮಾಸ್ತರ ಲಗೂ ಬಿಟ್ಟಾರ” ಎನ್ನುವಳು. ಮೋಡವಿದ್ದು ಸಪ್ಪಳ ಬಾರದ ದಿನ “ಇವತ್ತ ಸಾಲಿ ಸೂಟಿ” ಎನ್ನುವಳು. ಆ ನಾಲ್ಕೂವರೆಯ ರೊಟ್ಟಿ ಸಂಜೆ ಜಗದೇವಿಯ ತಾಟಿಗೆ ಬರುತ್ತಿತ್ತು. ಆ ಹುಡುಗಿ ಅಕ್ಕನ ಪಾಲಿನ ರೊಟ್ಟಿ ತಿಂದೇ ಬೆಳೆದಳು. ಒಮ್ಮೆಯೂ ಬೇಡವೆನ್ನಲಿಲ್ಲ.

ಅಂಬಾರಾಯ ಒಂದು ಮಧ್ಯಾಹ್ನ ಕೆಲಸ ಬಿಟ್ಟು ಬಂದು ನನ್ನ ಪಕ್ಕ ಕೂತ. ನಾಲ್ಕನೆಯ ಮೂಲೆಯ ಮೇಲೆ ಅಂಗೈ ಇಟ್ಟ. ನಾನು ಏಳತೊಡಗಿದ್ದು ಅವನ ಕೈಗೆ ತಿಳಿಯಿತು. ಅಷ್ಟು ಫರಸಿ ಮುಟ್ಟಿದ ಕೈ. ಡಬ್ ಎಂದೆ. ಅವನ ಅಂಗೈ ಬೆವೆತಿತ್ತು.

“ಏನ್ರಿ, ಬಂದ್ಲಾ?” ಎಂದು ಒಳಗಿನಿಂದ ದನಿ ಬಂತು.

“ಹೂಂ. ಬಂದ್ಲು,” ಎಂದ ಅಂಬಾರಾಯ.

ಮರುವರ್ಷ ಅವನು ಎದೆಯಲ್ಲಿ ಕೂತ ಕಲ್ಲಿನ ಧೂಳಿನಿಂದ ಸತ್ತ. ಚಂದಮ್ಮ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಮನೆ ನಡೆಸಿದಳು.

ಈಗ ಹೇಳುವುದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಜಗದೇವಿಗೆ ಹದಿನಾರು ನಡೆಯುತ್ತಿದ್ದ ಮಳೆಗಾಲ. ನಾಲ್ಕು ದಿನದಿಂದ ಸೂರ್ಯ ಕಂಡಿರಲಿಲ್ಲ. ಎರಚಲು ಹೊಡೆಯುತ್ತಿದ್ದುದರಿಂದ, ಚಂದಮ್ಮ ರೊಟ್ಟಿ ಕೊಡಲು ಹೋದಾಗ ಜಗದೇವಿ ಬಾಗಿಲು ಹಾಕಿ, ಒಳಗಿನಿಂದ ಅಗುಳಿ ಜಡಿದು, ಓದಲು ಕೂತಿದ್ದಳು. ನಾನು ತಣ್ಣಗೆ, ಬಿಗಿಯಾಗಿ, ಒಂದಿನಿತೂ ಅಲುಗದೆ ಇದ್ದೆ.

ಮೇಲಿಂದ ಭಾರ ಬಿತ್ತು. ಎರಡು ಪಾದ, ಜೋಡಿ. ಹನ್ನೊಂದು ವರ್ಷದ ಭಾರ. ಡಬ್.

ಅದು ನಾನಲ್ಲ. ನನ್ನ ಸಪ್ಪಳ ನನಗೆ ಗೊತ್ತು, ಅದು ಕೆಳಗಿನಿಂದ ಬರುತ್ತದೆ. ಇದು ಮೇಲಿನಿಂದ ಬಂತು. ಪಾದಗಳು ಒದ್ದೆಯಾಗಿದ್ದವು. ಮಳೆಯ ನೀರಲ್ಲ, ಮಳೆ ನೀರು ಓಣಿಯ ಮಣ್ಣು ಕಟ್ಟಿಕೊಂಡು ಬರುತ್ತದೆ. ಈ ನೀರು ಕಲ್ಲಿನ ಸಂದಿಯಲ್ಲಿ ಬಹಳ ದಿನ ನಿಂತ ನೀರು. ಅದರ ತಂಪು ನನಗೆ ಹುಟ್ಟಿದಾರಭ್ಯ ಗೊತ್ತು. ಬೆರಳುಗಳು ಮನೆಯ ಒಳಮುಖವಾಗಿದ್ದವು. ಯಾರೂ ಮಾತಾಡಲಿಲ್ಲ. ಪಾದ ಇನ್ನೊಮ್ಮೆ ಎದ್ದು ಬಿತ್ತು. ಡಬ್.

ಜಗದೇವಿ ನಡುಮನೆಗೆ ಬಂದು ನಿಂತಳು. ಅಷ್ಟು ಹೊತ್ತಿಗೆ ನನ್ನ ಮೇಲೆ ಭಾರವಿರಲಿಲ್ಲ. ಅವಳು ಅಗುಳಿ ಮುಟ್ಟಿ ನೋಡಿದಳು. ಹಾಕಿದ್ದು ಹಾಕಿದಂತೆಯೇ ಇತ್ತು. ಆಮೇಲೆ ಮಂಡಿಯೂರಿ, ತನ್ನ ಓಢಣಿಯಿಂದ ನನ್ನ ಮೇಲಿನ ನೀರನ್ನು ಒರೆಸಿದಳು. ಚಂದಮ್ಮ ಬಂದಾಗ ನಾನು ಒಣಗಿದ್ದೆ. ಹುಡುಗಿ ಏನೂ ಹೇಳಲಿಲ್ಲ.

ಅವಳು ಕಲಬುರಗಿಗೆ ಚಿತ್ರಕಲೆ ಓದಲು ಹೋದಳು. ಅಲ್ಲಿಂದ ಅವಳ ಜತೆಗೆ ಬಂದವಳು ರಜಿಯಾ. ಫರಸಿಗೆ ಪಾಲಿಶ್ ಮಾಡುವ ಮಷಿನ್ನಿನವನ ಮಗಳು, ಗೌಂಡಿ ಕೆಲಸವನ್ನೂ ಬಲ್ಲವಳು. ಪಾಲಿಶಿನ ನೀರಿನಲ್ಲಿ ನಿಂತು ನಿಂತು ಒಡೆದ ಗಟ್ಟಿ ಹಿಮ್ಮಡಿ. ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನ ಮೇಲೆ ಕಾಲಿಟ್ಟು, ಡಬ್ ಕೇಳಿ, ಅಲ್ಲೇ ಕೂತುಬಿಟ್ಟಳು. “ಇದನ್ನ ಹಾಂಗೇ ಬಿಟ್ಟೀರಲ್ಲ. ಕರಣಿ ಕೊಡ್ರಿ, ಹತ್ತ ಮಿನಿಟಿನ ಕೆಲಸ,” ಎಂದಳು. ಜಗದೇವಿ ಅವಳ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಪೊಳ್ಳು ಸಪ್ಪಳ ಕೇಳಿದರೆ ರಜಿಯಾಗೆ ತಡೆಯಲಾಗುತ್ತಿರಲಿಲ್ಲ. ಪರರ ಮನೆಯ ಮದುವೆಗೆ ಹೋದಾಗಲೂ ನೆಲ ಬಡಿದು ನೋಡುವವಳು.

ಇಬ್ಬರೂ ಸೇರಿ ಶಿಲ್ಪ ಮಾಡತೊಡಗಿದರು. ಫರಸಿಯಿಂದ, ಅದೂ ಹಳೆಯ ಫರಸಿಯಿಂದ. ಆಗ ಊರಿನಲ್ಲಿ ಮನೆ ಕೆಡವಿ ಟೈಲ್ಸ್ ಹಾಕುವ ಹುಮ್ಮಸ್ಸು. ಹೊಳೆಯುವುದೊಂದನ್ನು ಬಿಟ್ಟು ಆ ಟೈಲ್ಸಿಗೆ ಏನು ಗೊತ್ತು ಎಂದು ನನಗೆ ಇಂದಿಗೂ ತಿಳಿದಿಲ್ಲ. ಕಿತ್ತು ಬೀದಿಗೆ ಎಸೆದ ನಮ್ಮವರನ್ನು ಇವರು ಕೈಗಾಡಿಯಲ್ಲಿ ತರುತ್ತಿದ್ದರು. ತರುವ ಮೊದಲು ಆ ಮನೆಯ ಹೆಂಗಸರನ್ನು ಕೇಳುತ್ತಿದ್ದರು: ಇದು ಎಲ್ಲಿತ್ತು, ಇದರ ಮೇಲೆ ಯಾರು ಕೂಡುತ್ತಿದ್ದರು, ಒಲೆ ಯಾವ ಕಡೆಗಿತ್ತು. ಕೇಳಿದ್ದನ್ನು ಸುಣ್ಣದ ಕಡ್ಡಿಯಿಂದ ಕಲ್ಲಿನ ಬೆನ್ನ ಮೇಲೆ ಬರೆಯುತ್ತಿದ್ದರು. ಅವರು ಕಲ್ಲನ್ನು ಕೆತ್ತುತ್ತಿರಲಿಲ್ಲ. ಮಲಗಿದ್ದನ್ನು ನಿಲ್ಲಿಸುತ್ತಿದ್ದರು, ಅಷ್ಟೇ.

ಒಂದು ಸಲ ಒಂಬತ್ತು ಮನೆಗಳ ಒಲೆಯ ಮುಂದಿದ್ದ ಒಂಬತ್ತು ಫರಸಿಗಳನ್ನು ಸಾಲಾಗಿ ನಿಲ್ಲಿಸಿದರಂತೆ. ಒಂದೊಂದರಲ್ಲೂ ನಿಂತು ಸವೆಸಿದ ಎರಡೆರಡು ತಗ್ಗು. ನೋಡಲು ಬಂದ ಮುದುಕಿಯರು ಆ ತಗ್ಗಿಗೆ ಅಂಗೈ ಒತ್ತಿ “ಇದು ನಮ್ಮತ್ತಿ”, “ಇಕಿ ನಮ್ಮವ್ವ” ಎಂದು ಗುರುತು ಹಿಡಿದರಂತೆ. ನಾನು ಕಂಡವನಲ್ಲ, ಇಬ್ಬರೂ ನನ್ನ ಮೇಲೆ ನಿಂತು ಜಗಳಾಡುವಾಗ ಕೇಳಿದ್ದು. ಜಗಳ ಯಾವಾಗಲೂ ಒಂದೇ. ರಜಿಯಾಗೆ ಅಂಚು ನೀಟಾಗಿರಬೇಕು, ಸಂದಿ ತುಂಬಿರಬೇಕು. ಜಗದೇವಿಗೆ ಎಣ್ಣೆಯ ಕಲೆ, ಅರಿಸಿನದ ಕಲೆ ಎಲ್ಲ ಹಾಗೆಯೇ ಬೇಕು. “ನೀ ತಿಕ್ಕಿದ್ರ ಅದು ಬರೀ ಕಲ್ಲಾಗ್ತದ,” ಎನ್ನುವಳು. ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಮತ್ತೆ ಕೈಗಾಡಿ ಹಿಡಿಯುವರು. ಊರಿನವರು ಅವರನ್ನು ‘ಫರಸಿ ಜೋಡಿ’ ಎಂದು ಕರೆದರು. ಮೊದಲು ಗೇಲಿಗೆ, ಪೇಪರಿನಲ್ಲಿ ಫೋಟೋ ಬಂದ ಮೇಲೆ ಗೌರವಕ್ಕೆ.

ಒಂದು ವರ್ಷ ನಮ್ಮ ಓಣಿಯ ರಸ್ತೆ ಅಗಲ ಮಾಡುವುದೆಂದಾಯಿತು. ಎಲ್ಲಿಯವರೆಗೆ ಕೆಡವಬೇಕೆಂಬ ಕೆಂಪು ಗೆರೆ ನಮ್ಮ ನಡುಮನೆಯ ಗೋಡೆಯ ಮೇಲೆ ಬಿತ್ತು. ಬಾಗಿಲು, ಹೊಸ್ತಿಲು, ನಾನು, ಎಲ್ಲ ಗೆರೆಯ ಆಚೆ.

“ನಾ ಎಲ್ಲಿಗೂ ಬರಂಗಿಲ್ಲ,” ಎಂದಳು ಚಂದಮ್ಮ. ಅಷ್ಟೇ. ಮುಂದಿನ ಮಾತಿಗೆ ಅವಕಾಶ ಕೊಡಲಿಲ್ಲ.

ಎರಡು ದಿನ ಬಿಟ್ಟು ಇಬ್ಬರೂ ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಮಾತಾಡಿದರು. ರಜಿಯಾ ನನ್ನ ಮೇಲೆ, ಜಗದೇವಿ ಹೊಸ್ತಿಲ ಮೇಲೆ.

“ಜಗು, ಇದು ಬಿಸಿಲಿನ ಸಪ್ಪಳ ಅದ. ನಿನ್ನಿ ನಾ ಇದರ ಮ್ಯಾಲ ಹಸೀ ಗೋಣಿಚೀಲ ಹಾಸಿದ್ದೆ. ಸಪ್ಪಳ ಬರ್ಲಿಲ್ಲ.”

“ನಿನ್ನಿ ಅವ್ವ ಉಣಲಿಲ್ಲ. ನೋಡ್ದೇನು?”

“ಆಕಿಗಿ ಹೇಳಮು. ಹೇಳಿದ್ರ ಮನಿ ಬಿಡ್ತಾಳ. ಇಲ್ಲಂದ್ರ ಜೆಸಿಬಿ ಮುಂದ ಹೋಗಿ ಕುಂದರ್ತಾಳ.”

“ಹೇಳಿದ್ರ ಆಕಿ ಜೀವಾನೇ ಬಿಡ್ತಾಳ, ರಜಿಯಾ.” ಜಗದೇವಿ ಆ ಮಳೆಗಾಲದ ದಿನದ ಬಗ್ಗೆ, ಅಗುಳಿಯ ಬಗ್ಗೆ, ಓಢಣಿಯ ಬಗ್ಗೆ ಹೇಳಿದಳು. ಬೇರೊಬ್ಬರ ಮುಂದೆ ಅದೇ ಮೊದಲ ಸಲ ಹೇಳಿದ್ದು. “ಬಿಸಿಲಿನ ಸಪ್ಪಳ ಖರೆ. ಅವತ್ತ ಬಿಸಿಲ ಇರ್ಲಿಲ್ಲ.”

ರಜಿಯಾ ನನ್ನ ಮೇಲಿದ್ದ ಕಾಲನ್ನು ಮೆಲ್ಲಗೆ ಎತ್ತಿ ಪಕ್ಕದ ಫರಸಿಯ ಮೇಲಿಟ್ಟಳು.

ಒಳಗಿನ ಕೋಣೆಯಿಂದ ಚಂದಮ್ಮ ಹೊರಗೆ ಬಂದಳು. ಅವಳು ಎಲ್ಲ ಕೇಳಿದ್ದಳು.

“ಗೌಂಡಿ ಹೆಂಡ್ತಿ ಇದೀನಿ ನಾ,” ಎಂದಳು. “ಫರಸಿ ಬಿಸಿಲಿಗಿ ಏಳ್ತದ ಅನ್ನೂದು ನಂಗ ಗೊತ್ತಿಲ್ಲೇನು? ಮೊದಲನೇ ದಿನಾನೇ ಗೊತ್ತಿತ್ತು.”

“ಮತ್ತ ದಿನಾ ‘ಬಂದ್ಯಾ’ ಅಂತಿ, ಅವ್ವ?”

“ನಾಕೂವರಿಗಿ ಬಾ ಅಂತ ಕಳಿಸ್ದಾಕಿ ನಾನು. ಆಕಿ ಎಲ್ಲಿದ್ರೂ ಬರ್ತಾಳ. ಬಂದಾಗ ನಾ ಕೇಳ್ಲಿಲ್ಲಂದ್ರ ಅವ್ವ ಮರತಾಳ ಅಂತ ತಿಳ್ಕೋತಾಳ. ಯಾವತ್ತ ಬರ್ತಾಳ, ಯಾವತ್ತ ಬರಂಗಿಲ್ಲ, ನಂಗೇನ ಗೊತ್ತಾಗ್ತದ? ಅದಕ್ಕ ಸಪ್ಪಳ ಆದಾಗೊಮ್ಮೆ ಕೇಳ್ತೀನಿ.”

ಇಪ್ಪತ್ತನಾಲ್ಕು ವರ್ಷ ನಾನು ಆ ಹೆಂಗಸಿಗೆ ಸುಳ್ಳು ಹೇಳುತ್ತಿದ್ದೇನೆಂದು ಕೊರಗಿದ್ದೆ. ಅವಳು ನನ್ನನ್ನು ನಂಬಿಯೇ ಇರಲಿಲ್ಲ. ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ, ಅವಳು ಕಾಯುತ್ತಿದ್ದದ್ದು ಆ ಒದ್ದೆ ಪಾದಗಳಿಗೆ ಎಂದು ತಿಳಿದು ಭಯವಾಯಿತು.

ಮನೆ ಬಿಡಲು ಅವಳೇ ದಾರಿ ಹೇಳಿದಳು. “ನೀವು ಫರಸಿ ನಿಂದರಸ್ತೀರಲ್ಲ, ಹಾಂಗ ಈ ಬಾಗಲಾ ನಿಂದರಸ್ರಿ. ಖಣಿ ದಂಡಿ ಮ್ಯಾಲ. ಮಾರಿ ನೀರಿನ ಕಡಿ ಇರ್ಲಿ. ಈ ಫರಸಿ ಹೊಸ್ತಿಲ ಒಳಗ ಹಾಂಗೇ ಇರ್ಲಿ, ಪೊಳ್ಳನೂ ಹಾಂಗೇ ಇರ್ಲಿ. ನಾ ಇರೂತನ ಅಲ್ಲಿ ಹೋಗಿ ಕೇಳ್ತೀನಿ. ನಾ ಸತ್ತ ಮ್ಯಾಲ ಕೇಳೋರ ಯಾರು? ಆಕಿ ಕಾಲಿಟ್ಟಾಗ ಕಲ್ಲರ ಓಗೊಡ್ಲಿ.”

ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಖಣಿ ಎಂಬ ಮಾತು ಬಂದದ್ದು ಅದೇ ಮೊದಲು.

ನನ್ನನ್ನು ಎತ್ತಿದಾಗ ಕೆಳಗೆ ಪೊಳ್ಳಿನ ಅಂಚಿನಲ್ಲಿ ಒಣಗಿದ ಗಚ್ಚಿನ ಮೇಲೆ ಐದು ಬೆರಳಿನ ಗುರುತಿತ್ತಂತೆ. ಓಡುವ ಆತುರದಲ್ಲಿ ಅಂಬಾರಾಯ ಕೈ ಊರಿದ್ದ. “ಅಪ್ಪನ ಕೈ,” ಎಂದು ಜಗದೇವಿ ಬಹಳ ಹೊತ್ತು ಅಲ್ಲೇ ಕೂತಿದ್ದಳು. ಇಬ್ಬರೂ ಆ ಪೊಳ್ಳಿನ ಉದ್ದ, ಅಗಲ, ಆಳವನ್ನು ದಾರ ಹಿಡಿದು ಅಳೆದುಕೊಂಡರು.

ಎರಡು ತಿಂಗಳ ಕೆಲಸ. ಮನೆಯ ಫರಸಿಗಳನ್ನೇ ಒಂದರ ಮೇಲೊಂದು ಪೇರಿಸಿ ಎರಡು ಕಂಬ, ಮೇಲೆ ಅಡ್ಡಕ್ಕೆ ನಾಲ್ಕು, ಕೆಳಗೆ ನಮ್ಮದೇ ಹೊಸ್ತಿಲು. ಒಳಗೆ ನಾನು, ನನ್ನ ಹಿಂದೆ ನಡುಮನೆಯ ಮೂರು ಫರಸಿ. ಅದರ ಹಿಂದೆ ಏನೂ ಇಲ್ಲ. ಜಾಲಿಯ ಮುಳ್ಳು, ಬಯಲು. ಬಾಗಿಲ ಮುಂದೆ ಹತ್ತು ಹೆಜ್ಜೆಗೆ ನೀರು.

ನನ್ನನ್ನು ಕೂಡಿಸಿದ್ದು ಕೊನೆಯ ದಿನ ಬೆಳಿಗ್ಗೆ. ರಜಿಯಾ ಬಯಲಿಗೆ ತಡೆಯಲೆಂದು ಸಿಮೆಂಟಿನ ಗಚ್ಚು ಕಲೆಸಿದಳು. ಅಳತೆಯಂತೆ ನಾಲ್ಕನೆಯ ಮೂಲೆಯನ್ನು ಖಾಲಿ ಬಿಟ್ಟು ನನ್ನನ್ನು ಇಟ್ಟಳು. ಎಲ್ಲ ಸರಿಯಿತ್ತು. ಅಷ್ಟರಲ್ಲಿ ಟ್ರ್ಯಾಕ್ಟರಿನವನು ಬಂದು ಉಳಿದ ಕಲ್ಲು ಎಲ್ಲಿ ಇಳಿಸಲಿ ಎಂದು ಕೇಳಿದ. ಅವನ ಕಡೆ ತಿರುಗಿ ಉತ್ತರ ಹೇಳುತ್ತ, ರೂಢಿಯಂತೆ ಅವಳ ಕೈ ನನ್ನ ಮೂಲೆಗಳನ್ನು ಬಡಿಯಿತು. ಡಬ್. ಬಾಯಿ ಟ್ರ್ಯಾಕ್ಟರಿನವನ ಜತೆ ಮಾತಾಡುತ್ತಿತ್ತು. ಕೈ ತನ್ನಷ್ಟಕ್ಕೆ ಹಾರೆಯಿಂದ ನನ್ನ ಅಂಚನ್ನು ಎತ್ತಿ, ಒಂದು ಕರಣಿ ಗಚ್ಚು ತುಂಬಿ, ಒತ್ತಿ, ಮತ್ತೆ ಬಡಿಯಿತು. ಸಪ್ಪಳ ಅಲ್ಲೇ ನಿಂತಿತು. ರಜಿಯಾ ಕೈ ಒರೆಸಿಕೊಂಡು ಎದ್ದಳು. ಅವಳಿಗೆ ಗೊತ್ತೇ ಆಗಲಿಲ್ಲ. ಕೂಗಲು ನನಗೆ ಬಾಯಿ ಇರಲಿಲ್ಲ.

ಒಬ್ಬನ ಗಮನ ತಪ್ಪಿ ಒಂದು ಕರಣಿ ಕಡಿಮೆಯಾಯಿತು. ಇನ್ನೊಬ್ಬಳ ಗಮನ ತಪ್ಪಿ ಒಂದು ಕರಣಿ ಹೆಚ್ಚಾಯಿತು. ನನ್ನ ಜೀವನ ಇಷ್ಟೇ.

ಗಚ್ಚು ಒಣಗಲು ಎಂಟು ದಿನ ಬಿಟ್ಟು ಮಧ್ಯಾಹ್ನ ಚಂದಮ್ಮನನ್ನು ಕರೆತಂದರು. ಓಣಿಯ ನಾಲ್ಕಾರು ಜನ ಬಂದಿದ್ದರು. ಅವಳು ಒಂದು ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡಿದ್ದಳು. ಮೂರು ಫರಸಿಗಳ ಮೇಲೆ, ಮನೆಯ ಒಳಗಾಗಬೇಕಾದ ಜಾಗದಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತಳು. ಅಡುಗೆಮನೆಯಲ್ಲಿ ಅವಳು ಕೂಡುತ್ತಿದ್ದದ್ದು ಹಾಗೆಯೇ. ಬಿಸಿಲು ನೀರಿನಿಂದ ಪುಟಿದು ನನ್ನ ಮೇಲೆ ಬಿತ್ತು. ನಾನು ಕಾದೆ. ನಾಲ್ಕೂವರೆಯಾಯಿತು. ಉಬ್ಬಲು ನೋಡಿದೆ, ಗಚ್ಚು ನಾಲ್ಕೂ ಮೂಲೆಯಿಂದ ಹಿಡಿದಿತ್ತು. ಐದಾಯಿತು.

ರಜಿಯಾ ಎದ್ದು ಬಂದು ಬಾಗಿ, ಬೆರಳ ಗೆಣ್ಣಿನಿಂದ ನನ್ನ ನಾಲ್ಕನೆಯ ಮೂಲೆಯನ್ನು ಬಡಿದಳು. ಮತ್ತೊಮ್ಮೆ ಬಡಿದಳು. ಆಮೇಲೆ ಚಂದಮ್ಮನ ಕಡೆ ತಿರುಗಿದಳು.

“ಅಮ್ಮಾ, ನನ್ನ ಕೈ ತಪ್ಪ ಮಾಡ್ಯದ. ಈಗೇ ಕಿತ್ತಿ ಮತ್ತ ಕೂಡಸ್ತೀನಿ.”

ಚಂದಮ್ಮ ಎದ್ದು ನನ್ನ ಬಳಿ ಬಂದಳು. ಅಂಬಾರಾಯ ಇಟ್ಟ ಹಾಗೆಯೇ ಅಂಗೈ ಇಟ್ಟು ನೋಡಿದಳು. “ಸಿಮೆಂಟ ಹಿಡದದ. ಕಿತ್ತಿದ್ರ ಒಡೀತದ. ಬಿಡವ್ವ, ಅಳಬ್ಯಾಡ,” ಎಂದು ರಜಿಯಾಳ ತಲೆ ಸವರಿದಳು. ಗಂಟು ಬಿಚ್ಚಿ ರೊಟ್ಟಿಯನ್ನು ನನ್ನ ಮೇಲಿಟ್ಟಳು. ಸತ್ತವರಿಗೆ ಎಡೆ ಇಡುವುದು ಹಾಗೆ. ನೀರಿನ ಕಡೆ ನಿಂತು, ಎದುರಿಗಿದ್ದವರ ಜತೆ ಮಾತಾಡುವಷ್ಟೇ ದನಿಯಲ್ಲಿ ಹೇಳಿದಳು: “ನೀಲೀ, ಸಾಲಿ ಮುಗೀತವ್ವ. ಇನ್ನ ಓಡಿ ಬರೂದು ಬ್ಯಾಡ. ಅಲ್ಲೇ ಮಲಕೋ.”

ಹಿಂದಿರುಗಿ ನೋಡದೆ ಹೋದಳು. ಆ ಚಳಿಗಾಲ ದಾಟಲಿಲ್ಲ.

ಈಗ ನನಗೆ ಕೆಲಸವಿಲ್ಲ. ಪಾದಗಳು ಬರುವುದು ಅಪರೂಪ. ಶಿಲ್ಪ ನೋಡಲು ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಜಗದೇವಿ, ರಜಿಯಾ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬಂದು ಹೊಸ್ತಿಲ ಮೇಲೆ ಕೂಡುತ್ತಾರೆ. ರಜಿಯಾ ನನ್ನ ಮೇಲೆ ಕಾಲಿಡುವುದಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಗಟ್ಟಿಯಾಗಿ ನನ್ನನ್ನು ಯಾರೂ ಕೂಡಿಸಿರಲಿಲ್ಲ. ಮಳೆಗಾಲದಲ್ಲಿ ದಾರಿ ಕೆಸರಾಗುತ್ತದೆ, ಯಾರೂ ಈ ಕಡೆ ಸುಳಿಯುವುದಿಲ್ಲ.

ಚಂದಮ್ಮ ಆಡಿದ ಮಾತು ನೀರಿನಡಿ ಕೇಳಿಸಲಿಲ್ಲವೆಂದು ಕಾಣುತ್ತದೆ.

ಸೂರ್ಯ ಕಾಣದ ದಿನಗಳಲ್ಲಿ, ಊರಿನ ಸಾಲಿಯ ಗಂಟೆ ದೂರದಲ್ಲಿ ಹೊಡೆದು ಸ್ವಲ್ಪ ಹೊತ್ತಿಗೆ, ಹೊಸ್ತಿಲ ಆಚೆಯಿಂದ ಎರಡು ಪಾದ ಜೋಡಿಯಾಗಿ ನನ್ನ ಮೇಲೆ ಬೀಳುತ್ತವೆ. ಒದ್ದೆ. ಹನ್ನೊಂದು ವರ್ಷದ ಭಾರ. ಒಂದು ತೊಲವೂ ಹೆಚ್ಚಾಗಿಲ್ಲ. ಬೆರಳು ಒಳಮುಖ. ನಾನು ಡಬ್ ಎನ್ನಬೇಕು, ಎನ್ನಲಾಗುವುದಿಲ್ಲ. ಅವಳು ಕಾಯುತ್ತಾಳೆ. ಮತ್ತೆ ಜಿಗಿಯುತ್ತಾಳೆ. ಮತ್ತೆ ಕಾಯುತ್ತಾಳೆ. ತನ್ನ ಸಪ್ಪಳ ಒಳಗೆ ಹೋಗಿಲ್ಲ, ಅದಕ್ಕೇ ಅವ್ವ ‘ಬಂದ್ಯಾ?’ ಎನ್ನುತ್ತಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಜಿಗಿಯುತ್ತಾಳೆ. ಕತ್ತಲಾಗುವವರೆಗೆ ಜಿಗಿಯುತ್ತಾಳೆ.

ಒಳಗೆ ಮನೆಯಿಲ್ಲ ಎಂದು ಅವಳಿಗೆ ಹೇಳಬೇಕು. ನನ್ನಡಿ ಗಚ್ಚು ತುಂಬಿದೆ.